ಸೇಂಟ್ ಮಾರ್ಕ್ಸ್ ರಸ್ತೆಯ ಕೋಶೀಸ್: ಆ ಜಾಗದ ಸೊಗಸು ನಿಜವಾಗಿ ಎಲ್ಲಿದೆ?

ತ್ಯಾಗರಾಜನಗರದವ

ಎಲ್ಲರಿಗೂ ನಮಸ್ಕಾರ. ನಾನು ಹುಟ್ಟಿ ಬೆಳೆದದ್ದು ತ್ಯಾಗರಾಜನಗರದಲ್ಲಿ. ನಮ್ಮ ತಂದೆಯವರ ಪಾಲಿಗೆ ಬೆಂಗಳೂರು ಎಂದರೆ ಗಾಂಧಿಬಜಾರು, ಚಾಮರಾಜಪೇಟೆ, ಅವೆನ್ಯೂ ರಸ್ತೆ, ಹೆಚ್ಚೆಂದರೆ ಕಬ್ಬನ್ ಪಾರ್ಕು, ಅದರಾಚೆಯದೆಲ್ಲ ‘ದಂಡು’, ಎಂದರೆ ಬ್ರಿಟಿಷರ ಕಾಲದ ಕಂಟೋನ್ಮೆಂಟು. ದಂಡಿನ ಕಡೆ ಕೆಲಸವಿದ್ದ ದಿನ ಅವರು ಪರವೂರಿಗೆ ಹೊರಟವರಂತೆ ಇಸ್ತ್ರಿಯ ಅಂಗಿ ತೊಟ್ಟು, ಮನೆಯಲ್ಲೇ ತಿಂಡಿ ಮುಗಿಸಿ ಹೋಗುತ್ತಿದ್ದರು. ಅದರಿಂದಲೋ ಏನೋ, ಇದೇ ಊರಿನಲ್ಲಿ ಐವತ್ತೆರಡು ವರ್ಷ ಕಳೆದ ನಾನು ಕೋಶೀಸ್ ಹೋಟೆಲಿನ ಒಳಗೆ ಮೊದಲ ಸಲ ಕಾಲಿಟ್ಟದ್ದು ಹೋದ ತಿಂಗಳು, ಅದೂ ತಂಗಿಯ ಮಗಳು ಹಟ ಹಿಡಿದು ಕರೆದುಕೊಂಡು ಹೋದದ್ದರಿಂದ.

ಎತ್ತರದ ಚಾವಣಿ, ತಿರುಗುವ ಫ್ಯಾನುಗಳು, ಗೋಡೆಯ ಮೇಲೆ ಹಳೆಯ ಕಪ್ಪು ಬಿಳುಪು ಚಿತ್ರಗಳು. ನಮ್ಮ ಎಡಗಡೆಯ ಮೇಜಿನಲ್ಲಿ ನಾಲ್ಕೈದು ವರ್ಷದ ಮಗುವೊಂದು ಆಲೂಗಡ್ಡೆಯ ಸ್ಮೈಲಿಯ ಕಣ್ಣಿನ ತೂತಿಗೆ ಫೋರ್ಕು ತೂರಿಸಿ, ಅದನ್ನು ಎತ್ತಿ ಅಜ್ಜಿಗೆ ತೋರಿಸುತ್ತಿತ್ತು. ಬಲಗಡೆ ಇಬ್ಬರು ವಯಸ್ಸಾದ ಗಂಡಸರು ಒಂದು ಬಿಯರ್ ಬಾಟಲಿಯನ್ನು ನಡುವೆ ಇಟ್ಟುಕೊಂಡು ತಣ್ಣಗೆ ಮಾತನಾಡುತ್ತಿದ್ದರು. ನಡುವಿನಲ್ಲಿ ನಾವು ಕಾಫಿ ಕುಡಿಯುತ್ತಿದ್ದೆವು. ಬಾರು ಕಂಡರೆ ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆಯಬೇಕೆಂದು ತಾಯಿಯಿಂದ ಹೇಳಿಸಿಕೊಂಡು ಬೆಳೆದ ನನಗೆ ಆ ನೋಟ ಇನ್ನೂ ಮನಸ್ಸಿನಿಂದ ಹೋಗಿಲ್ಲ.

ಹಾಗಾಗಿ ಕೇಳುತ್ತಿದ್ದೇನೆ. ಇಂಗ್ಲಿಷ್ ಪತ್ರಿಕೆಗಳು ಇಷ್ಟು ವರ್ಷ ಹೊಗಳಿದ್ದರಿಂದ ಬಂದ ಹೆಸರೇ ಇದು, ಅಥವಾ ಆ ಜಾಗದಲ್ಲಿ ನಿಜವಾಗಿಯೂ ಏನೋ ಇದೆಯೇ? ಇದ್ದರೆ ಅದು ಯಾವುದು? ಬಲ್ಲವರು ದಯವಿಟ್ಟು ತಿಳಿಸಬೇಕು.

ಹಲಸೂರು ಕೆರೆ

ಬಹಳ ಒಳ್ಳೆಯ ಪ್ರಶ್ನೆ ಸರ್. ಮೊದಲು ಇತಿಹಾಸವನ್ನು ಸ್ವಲ್ಪ ನೋಡೋಣ, ಏಕೆಂದರೆ ಅದರಲ್ಲೇ ಅರ್ಧ ಉತ್ತರವಿದೆ. ಕೇರಳ ಮೂಲದ ಪಿ. ಓ. ಕೋಶಿಯವರು ಬ್ಯಾಂಕಿನ ಕೆಲಸ ಬಿಟ್ಟು 1940ರಲ್ಲಿ ಆರಂಭಿಸಿದ್ದು ಹೋಟೆಲನ್ನಲ್ಲ, ಬೇಕರಿಯನ್ನು. ಊಟ ತಿಂಡಿಯ ಹೋಟೆಲು ಶುರುವಾದದ್ದು 1950ರ ದಶಕದ ಆರಂಭದಲ್ಲಿ. ಹಳಬರು ಅದನ್ನು ಇಂದಿಗೂ ಪೆರೇಡ್ ಕೆಫೆ ಎಂದೇ ಕರೆಯುತ್ತಾರೆ.

ಬೇಕರಿಯಿಂದ ಶುರುವಾದದ್ದು ಆಕಸ್ಮಿಕವಲ್ಲ. ಬ್ರಿಟಿಷರು 1809ರಲ್ಲಿ ಇಲ್ಲಿ ದಂಡು ಪ್ರದೇಶವನ್ನು ಕಟ್ಟಿದ ಮೇಲೆ ಅದರ ಸುತ್ತ ಬ್ರೆಡ್ಡು, ಮಾಂಸ, ಬಿಯರು, ಕೇಕು ಬೇಕಾದ ಜನರದ್ದೇ ಒಂದು ಊರು ಬೆಳೆಯಿತು. ಪೇಟೆಯಲ್ಲಿ ಬೆಳಗಾಗುತ್ತಿದ್ದದ್ದು ಇಡ್ಲಿಯಿಂದಾದರೆ ದಂಡಿನಲ್ಲಿ ಬ್ರೆಡ್ಡಿನಿಂದ. ಕಟ್ಲೆಟ್, ರೋಸ್ಟು, ಕ್ಯಾರಮೆಲ್ ಕಸ್ಟರ್ಡು ಇವೆಲ್ಲ ಆ ಅಡುಗೆಮನೆಯಿಂದ ಬಂದ ಪದಾರ್ಥಗಳು. ಆಂಗ್ಲೋ-ಇಂಡಿಯನ್ ಮನೆಗಳು ಒಂದೊಂದಾಗಿ ಖಾಲಿಯಾದ ಮೇಲೂ ಆ ಅಡುಗೆಯ ಜಾಡು ಉಳಿದಿರುವ ಕೆಲವೇ ಹೋಟೆಲುಗಳಲ್ಲಿ ಕೋಶೀಸ್ ಒಂದು.

ನಕ್ಷೆ ನೋಡುವವಳು

ಹಲಸೂರು ಕೆರೆಯವರ ಮಾತಿಗೆ ಒಂದು ಸೇರ್ಪಡೆ. ‘ಪೆರೇಡ್’ ಎಂಬ ಹೆಸರು ಕೇಳಿ ಸೇಂಟ್ ಮಾರ್ಕ್ಸ್ ರಸ್ತೆಗೇ ಆ ಹೆಸರಿತ್ತೆಂದು ಹಲವರು ತಿಳಿಯುತ್ತಾರೆ. ಸೌತ್ ಪೆರೇಡ್ ಎಂಬ ಹೆಸರಿದ್ದದ್ದು ಇಂದಿನ ಮಹಾತ್ಮ ಗಾಂಧಿ ರಸ್ತೆಗೆ. ಸೈನಿಕರು ಕವಾಯತು ಮಾಡುತ್ತಿದ್ದ ಮೈದಾನದ ದಕ್ಷಿಣದ ಅಂಚು ಅದು. 1948ರಲ್ಲಿ ಆ ರಸ್ತೆಗೆ ಗಾಂಧೀಜಿಯವರ ಹೆಸರಿಟ್ಟರು. ಅದಾದ ಮರುವರ್ಷ, 1949ರಲ್ಲಿ, ನಗರ ಮತ್ತು ದಂಡಿನ ಎರಡು ಪುರಸಭೆಗಳನ್ನು ಒಂದುಗೂಡಿಸಿ ಬೆಂಗಳೂರು ನಗರಪಾಲಿಕೆಯನ್ನು ಮಾಡಲಾಯಿತು. ಎಂದರೆ, ಕೋಶೀಸ್ ಹೋಟೆಲು ತೆರೆದದ್ದು ಎರಡು ಊರುಗಳು ಕಾಗದದ ಮೇಲೆ ಒಂದಾಗಿ ಇನ್ನೂ ಹೆಚ್ಚು ದಿನ ಕಳೆಯದ ಹೊತ್ತಿನಲ್ಲಿ.

ಗಾಂಧಿಬಜಾರ್ ಸಂಜೆ

ಕಾಗದದ ಮೇಲೆ ಎಂದಿರಲ್ಲ, ಅದು ಸರಿಯಾದ ಮಾತು. ಮನಸ್ಸಿನಲ್ಲಿ ಆ ಎರಡು ಊರುಗಳು ಇಂದಿಗೂ ಪೂರ್ತಿ ಒಂದಾಗಿಲ್ಲ. ರೈಲು ನಿಲ್ದಾಣದ ಹೆಸರೇ ಇನ್ನೂ ಬೆಂಗಳೂರು ದಂಡು ಎಂದಿದೆ. ಕೋಶೀಸ್ ಬಗ್ಗೆ ನನಗೆ ದ್ವೇಷವಿಲ್ಲ, ಆದರೆ ‘ಬೆಂಗಳೂರಿನ ಆತ್ಮ’ ಎಂದು ಅದನ್ನು ಕರೆಯುವಾಗ ನನಗೆ ಬೇಸರವಾಗುತ್ತದೆ. ಈ ಊರಿನ ಕನ್ನಡ ಸಾಹಿತ್ಯದ ಹರಟೆ ನಡೆದದ್ದು ಗಾಂಧಿಬಜಾರಿನ ವಿದ್ಯಾರ್ಥಿ ಭವನದಂಥ ಜಾಗಗಳಲ್ಲಿ. 1943ರ ಸುಮಾರಿಗೆ ವಿದ್ಯಾರ್ಥಿಗಳಿಗಾಗಿ ಶುರುವಾದ ಆ ಪುಟ್ಟ ಹೋಟೆಲನ್ನು 1970ರಲ್ಲಿ ರಾಮಕೃಷ್ಣ ಅಡಿಗರು ವಹಿಸಿಕೊಂಡರು. ಒಂದರ ಮೇಲೊಂದು ಹತ್ತಾರು ದೋಸೆಯ ತಟ್ಟೆಗಳನ್ನು ಮುಂಗೈಯಿಂದ ಮೊಣಕೈಯವರೆಗೆ ಜೋಡಿಸಿಕೊಂಡು ಬರುವ ಸಪ್ಲೈಯರನ್ನು ನೋಡುವುದಕ್ಕೇ ಜನ ಬರುತ್ತಾರೆ.

ಅತ್ತ 1924ರಲ್ಲಿ ಮಯ್ಯ ಸಹೋದರರು ಆರಂಭಿಸಿದ ಎಂ.ಟಿ.ಆರ್. ಇದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ಅಲ್ಲಿ ರವೆ ಇಡ್ಲಿ ಹುಟ್ಟಿತು. ತುರ್ತುಪರಿಸ್ಥಿತಿಯಲ್ಲಿ ಸರ್ಕಾರ ತಿಂಡಿಗಳ ಬೆಲೆ ಕಟ್ಟಿಹಾಕಿದಾಗ, ಗುಣಮಟ್ಟ ಇಳಿಸಲು ಒಪ್ಪದೆ ಅವರು ಹೋಟೆಲನ್ನೇ ಕೆಲವು ವರ್ಷ ಮುಚ್ಚಿ ಸಿದ್ಧ ಹಿಟ್ಟುಗಳ ವ್ಯಾಪಾರಕ್ಕೆ ಇಳಿದರು. ಈ ಕಥೆಗಳಿಗೆ ಸಿಗಬೇಕಾದ ಮನ್ನಣೆ ಸಿಗದೆ, ಕಟ್ಲೆಟ್ಟಿನ ಕಥೆಗೆ ಮಾತ್ರ ಪುಟಗಟ್ಟಲೆ ಜಾಗ ಸಿಗುವುದೇಕೆ ಎಂಬುದು ನನ್ನ ಪ್ರಶ್ನೆ.

ಶನಿವಾರದ ಚೀಲ

ಗಾಂಧಿಬಜಾರ್ ಸಂಜೆಯವರೆ, ಎಂ.ಟಿ.ಆರ್. ಮತ್ತು ವಿದ್ಯಾರ್ಥಿ ಭವನದ ಬಗ್ಗೆಯೂ ಪುಟಗಟ್ಟಲೆ ಬರೆದಿದ್ದಾರೆ. ಅಲ್ಲಿ ಭಾನುವಾರ ಬೆಳಿಗ್ಗೆ ಹೊರಗೆ ಕಾಯುವ ಜನಸಂದಣಿಯನ್ನು ನೋಡಿದವರು ಮನ್ನಣೆ ಸಿಕ್ಕಿಲ್ಲವೆಂದು ಹೇಳಲಾರರು.

ಕರಿಬೇವು ಮತ್ತು ತೆಂಗು

ನಮ್ಮ ಮನೆಯವರು ಕೊಟ್ಟಾಯಂ ಕಡೆಯಿಂದ ಬಂದು ಮೂರು ತಲೆಮಾರಾಯಿತು. ನನ್ನ ಶಾಲೆಯ ಕನ್ನಡ ಮೇಷ್ಟರ ಕೃಪೆಯಿಂದ ನಾನು ಈ ವೇದಿಕೆಯಲ್ಲಿ ಬರೆಯುವಷ್ಟಾದೆ. ಕೋಶೀಸ್ ಎಂದರೆ ಇಂಗ್ಲಿಷಿನವರ ಜಾಗ ಎಂಬ ಮಾತು ನನ್ನ ಮಟ್ಟಿಗೆ ಅರ್ಧ ಮಾತ್ರ ನಿಜ. ಭಾನುವಾರ ಅಲ್ಲಿ ಅಪ್ಪಂ ಮತ್ತು ಸ್ಟ್ಯೂ ಸಿಗುತ್ತದೆ. ಅದು ಇಂಗ್ಲೆಂಡಿನಿಂದ ಬಂದದ್ದಲ್ಲ, ನಮ್ಮ ಅಮ್ಮಚ್ಚಿಯ ಒಲೆಯಿಂದ ಬಂದದ್ದು.

ಅಪ್ಪಂ ಸರಿಯಾಗಿ ಆಗಿದೆಯೇ ಎಂದು ತಿಳಿಯಲು ಅದರ ಅಂಚನ್ನು ನೋಡಬೇಕು. ರಾತ್ರಿಯೆಲ್ಲ ಹುಳಿ ಬಂದ ಅಕ್ಕಿ ಹಿಟ್ಟನ್ನು ಸಣ್ಣ ಬಾಣಲೆಗೆ ಸುರಿದು, ಎರಡು ಕಿವಿ ಹಿಡಿದು ಒಮ್ಮೆ ಸುತ್ತ ತಿರುಗಿಸಿದರೆ ಅಂಚಿನಲ್ಲಿ ಹಿಟ್ಟು ತೆಳ್ಳಗೆ ಹತ್ತಿಕೊಂಡು ಜಾಲರಿಯಂತಾಗುತ್ತದೆ, ಉಳಿದದ್ದು ನಡುವಿಗೆ ಇಳಿದು ಸ್ಪಂಜಿನಂತೆ ಉಬ್ಬುತ್ತದೆ. ಆ ಗರಿಗರಿ ಅಂಚನ್ನು ಮೊದಲು ಮುರಿದು ತಿನ್ನಬೇಕು, ಮೆತ್ತನೆಯ ನಡುಭಾಗಕ್ಕೆ ಸ್ಟ್ಯೂ ಸುರಿದುಕೊಳ್ಳಬೇಕು. ತೆಂಗಿನ ಹಾಲು, ಮೆಣಸಿನ ಕಾಳು, ಶುಂಠಿ, ಕರಿಬೇವು ಇವಿಷ್ಟೇ ಅದರ ಜೀವಾಳ; ಅರಿಸಿನವೂ ಇಲ್ಲ, ಖಾರದ ಪುಡಿಯೂ ಇಲ್ಲ. ಹೆಸರು ಮಾತ್ರ ಇಂಗ್ಲಿಷಿನದು, ಒಳಗಿರುವುದೆಲ್ಲ ಮಲೆನಾಡು ಕರಾವಳಿಯವರಿಗೂ ಪರಿಚಯವಿರುವ ಸಾಮಾನು.

ಇನ್ನು ಭಾಷೆ. ಅಲ್ಲಿನ ಒಂದು ಮೇಜಿನಲ್ಲಿ ಮಲಯಾಳ, ಪಕ್ಕದಲ್ಲಿ ತಮಿಳು, ಅದರಾಚೆ ದಖನಿ, ಬೇರರನ್ನು ಕರೆಯುವಾಗ ಕನ್ನಡ ಕೇಳಿಸುವುದು ದಂಡಿನ ಹಳೆಯ ರೂಢಿ. ಶಿವಾಜಿನಗರದಲ್ಲಿ ಬೆಳೆದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಗಾಂಧಿಬಜಾರ್ ಸಂಜೆ

ಈ ವಿವರಕ್ಕೆ ಧನ್ಯವಾದ. ಭಾಷೆಯ ಬಗೆಗಿನ ನನ್ನ ಅಸಮಾಧಾನ ಅನುಭವದಿಂದ ಬಂದದ್ದು. ಇಪ್ಪತ್ತು ವರ್ಷದ ಹಿಂದೆ ಅದೇ ಆಸುಪಾಸಿನ ಬೇರೊಂದು ಹೋಟೆಲಿನಲ್ಲಿ ನಾನು ಕನ್ನಡದಲ್ಲಿ ಆರ್ಡರು ಹೇಳಿದಾಗ, ಅಲ್ಲಿದ್ದವರು ಅರ್ಥವಾಗದವರಂತೆ ಎರಡು ಸಲ ಕೇಳಿ, ಮೂರನೆಯ ಸಲಕ್ಕೆ ಇಂಗ್ಲಿಷು ಬರುವುದಿಲ್ಲವೇ ಎಂದಿದ್ದರು. ಅಂದು ತಿನ್ನದೆ ಎದ್ದು ಬಂದವನು ಆ ಕಡೆಗೆ ತಲೆ ಹಾಕುವುದನ್ನೇ ಬಿಟ್ಟೆ. ಒಂದು ಹೋಟೆಲಿನ ಮೇಲಿನ ಸಿಟ್ಟನ್ನು ಇಡೀ ದಂಡಿನ ಮೇಲೆ ಹಾಕಿದ್ದು ನನ್ನ ತಪ್ಪಿರಬಹುದು, ಆದರೆ ಆ ಅವಮಾನ ಸಣ್ಣದಾಗಿರಲಿಲ್ಲ.

ತ್ಯಾಗರಾಜನಗರದವ

ನಿಮ್ಮ ನೋವು ಅರ್ಥವಾಗುತ್ತದೆ ಸರ್. ನಾನು ಮೊನ್ನೆ ಪೂರ್ತಿ ಕನ್ನಡದಲ್ಲೇ ಮಾತನಾಡಿದೆ. ಬೇರರು ಕನ್ನಡದಲ್ಲೇ ಉತ್ತರ ಕೊಟ್ಟು, ಕಾಫಿಗೆ ಸಕ್ಕರೆ ಬೇರೆ ತರಲೇ ಎಂದು ಕೇಳಿದರು.

ಅಬಕಾರಿ ನಿವೃತ್ತ

ಮೂಲ ಪ್ರಶ್ನೆಯ ಎರಡನೆಯ ಅರ್ಧಕ್ಕೆ, ಎಂದರೆ ಮಗು ಮತ್ತು ಬಿಯರಿನ ವಿಷಯಕ್ಕೆ ಯಾರೂ ಬಂದಿಲ್ಲ. ನಾನು ಕೆಲಸ ಮಾಡಿದ್ದು ಅದೇ ಇಲಾಖೆಯಲ್ಲಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಊಟ ಮತ್ತು ಮದ್ಯ ಎರಡೂ ಸಿಗುವ ಜಾಗಕ್ಕೆ ನಮ್ಮಲ್ಲಿರುವ ಹೆಸರು ‘ಬಾರ್ ಅಂಡ್ ರೆಸ್ಟೋರೆಂಟ್’. ಬೀದರಿನಿಂದ ಚಾಮರಾಜನಗರದವರೆಗೆ ಯಾವ ತಾಲ್ಲೂಕು ಕೇಂದ್ರಕ್ಕೆ ಹೋದರೂ ಬಸ್ ನಿಲ್ದಾಣದ ಆಸುಪಾಸಿನಲ್ಲಿ ಈ ಫಲಕ ಕಾಣುತ್ತದೆ. ಲೈಸೆನ್ಸಿನ ಲೆಕ್ಕದಲ್ಲಿ ಸಿಎಲ್-2 ಎಂದರೆ ಬಾಟಲಿ ಮಾರುವ ಅಂಗಡಿ, ಅಲ್ಲಿ ಕೂತು ಕುಡಿಯುವಂತಿಲ್ಲ. ಸಿಎಲ್-7 ಎಂದರೆ ತಂಗುವ ಕೋಣೆಗಳಿರುವ ಹೋಟೆಲು. ಸಿಎಲ್-9 ಎಂದರೆ ಊಟ ತಿಂಡಿಯ ಜೊತೆ ಮದ್ಯ ಬಡಿಸುವ ಜಾಗ. ಕಾನೂನಿನ ಪ್ರಕಾರ ಊಟವೇ ಮುಖ್ಯ, ಮದ್ಯ ಅದರ ಜೊತೆಗೆ ಬರುವುದು. ಆದರೆ ಬಳಕೆಯಲ್ಲಿ ರೆಸ್ಟೋರೆಂಟ್ ಎಂಬ ಅರ್ಧ ಫಲಕದ ಮೇಲಷ್ಟೇ ಉಳಿಯಿತು. ಮಂದ ಬೆಳಕು, ಕಿಟಕಿಗೆ ಕಪ್ಪು ಹಾಳೆ, ಬಾಗಿಲಿಗೆ ಅಡ್ಡ ಪರದೆ: ಒಳಗಿರುವವರನ್ನು ಹೊರಗಿನವರು ನೋಡಬಾರದು ಎಂಬ ಒಂದೇ ಉದ್ದೇಶದಿಂದ ಕಟ್ಟಿದ ಕೋಣೆಗಳು ಅವು. ‘ಫ್ಯಾಮಿಲಿ ರೂಂ’ ಎಂದು ಮೆಟ್ಟಿಲ ಮೇಲೆ ಬಾಣದ ಗುರುತು ಹಾಕಿರುತ್ತಾರಲ್ಲ, ಅದರ ನಿಜವಾದ ಅರ್ಥ ಕೆಳಗಿನ ದೊಡ್ಡ ಹಾಲು ಸಂಸಾರಸ್ಥರಿಗಲ್ಲ ಎಂಬುದು.

ಕೋಶೀಸ್‌ನಲ್ಲಿ ಕುಡಿಯುವುದು ಬೆಳಕಿನಲ್ಲಿ. ರಸ್ತೆಯ ಕಡೆಗೆ ಕಿಟಕಿಗಳಿವೆ, ಪಕ್ಕದಲ್ಲಿ ಯಾರದೋ ಅಜ್ಜಿ ಕೂತಿರುತ್ತಾರೆ. ಬೆಳಕಿನಲ್ಲಿ ಕೂತವನು ತಾನಾಗಿಯೇ ಹದ್ದುಬಸ್ತಿನಲ್ಲಿರುತ್ತಾನೆ. ಇದನ್ನು ನಾನು ಮೂವತ್ತು ವರ್ಷದ ತಪಾಸಣೆಯ ಅನುಭವದಿಂದ ಹೇಳುತ್ತಿದ್ದೇನೆ. ಕತ್ತಲು ಹೆಚ್ಚಿದಂತೆ ಜಗಳ ಹೆಚ್ಚುವುದನ್ನು ಊರೂರಿನಲ್ಲಿ ನೋಡಿದ್ದೇನೆ.

ಬಿಯರು ಈ ಊರಿಗೆ ಹೊಸದೂ ಅಲ್ಲ. ಥಾಮಸ್ ಲೀಶ್‌ಮನ್ ಎಂಬ ಸ್ಕಾಟ್ಲೆಂಡಿನವರು 1915ರಲ್ಲಿ ದಕ್ಷಿಣ ಭಾರತದ ಐದು ಬಿಯರ್ ಕಾರ್ಖಾನೆಗಳನ್ನು ಒಟ್ಟುಗೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದರು. ದೊಡ್ಡ ಪೀಪಾಯಿಗಳಲ್ಲಿ ತುಂಬಿದ ಬಿಯರು ಎತ್ತಿನ ಗಾಡಿಗಳಲ್ಲಿ ಸೈನಿಕರಿಗೆ ಹೋಗುತ್ತಿತ್ತು. ಸ್ವಾತಂತ್ರ್ಯದ ಹೊತ್ತಿಗೆ ಅದು ವಿಠಲ್ ಮಲ್ಯ ಅವರ ಕೈಗೆ ಬಂತು. ಆದರೆ ಬಿಯರನ್ನು ಮನೆಯವರೊಡನೆ ಕೂತು ಹಗಲು ಹೊತ್ತಿನಲ್ಲಿ ಊಟದ ಜೊತೆ ಕುಡಿಯುವ ಜಾಗಗಳು ಬೆಳೆಯಲಿಲ್ಲ.

ನಕ್ಷೆ ನೋಡುವವಳು

ಫ್ಯಾಮಿಲಿ ರೂಮಿನ ಬಾಣದ ಗುರುತಿನ ಮಾತು ನೂರಕ್ಕೆ ನೂರು ಸತ್ಯ. ಈಗ ನನ್ನ ಕಥೆ ಹೇಳುತ್ತೇನೆ.

1990ರ ದಶಕದಲ್ಲಿ ನಾನು ಅದೇ ಸುತ್ತಮುತ್ತಲಿನ ಒಂದು ಕಚೇರಿಯಲ್ಲಿ ಕೆಲಸಕ್ಕಿದ್ದೆ. ಮಧ್ಯಾಹ್ನ ಒಬ್ಬಳೇ ಊಟಕ್ಕೆ ಹೋಗಬೇಕಾದ ಹೆಣ್ಣುಮಗಳಿಗೆ ಈ ಊರಿನ ಹೋಟೆಲುಗಳು ಹೇಗಿದ್ದವೆಂದು ಈಗಿನವರಿಗೆ ತಿಳಿಯದು. ನಾನು ಹೋಗುತ್ತಿದ್ದ ಇನ್ನೊಂದು ಹೋಟೆಲಿನಲ್ಲಿ (ಹೆಸರು ಬೇಡ) ಬಾಗಿಲಲ್ಲೇ ‘ಒಬ್ಬರೇನಾ?’ ಎಂದು ಕೇಳಿ, ಕೈತೊಳೆಯುವ ತೊಟ್ಟಿಯ ಪಕ್ಕದ ಮೇಜನ್ನು ತೋರಿಸುತ್ತಿದ್ದರು. ಕೋಶೀಸ್‌ನಲ್ಲಿ ಆ ಪ್ರಶ್ನೆಯನ್ನು ನನಗೆ ಯಾರೂ ಕೇಳಲಿಲ್ಲ. ಕಿಟಕಿಯ ಪಕ್ಕ ಕೂತು ಒಂದು ಕೆಟಲು ಚಹಾ ಹೇಳುತ್ತಿದ್ದೆ. ಮೊದಲ ಕಪ್ಪು ತಿಳಿಯಾಗಿ, ಎರಡನೆಯದು ಸರಿಯಾಗಿ, ಮೂರನೆಯದು ಕಹಿಯಾಗಿ ಬರುತ್ತಿತ್ತು. ಆ ಮೂರನೆಯ ಕಪ್ಪು ಮುಗಿಯುವ ಹೊತ್ತಿಗೆ ನನ್ನ ವರದಿಯೂ ಮುಗಿದಿರುತ್ತಿತ್ತು. ಪಕ್ಕದ ಮೇಜಿನಲ್ಲಿ ರಮ್ಮು ಹೀರುತ್ತಿದ್ದ ವಕೀಲರೊಬ್ಬರು ದಿನವೂ ತಲೆ ಬಾಗಿಸಿ ನಮಸ್ಕರಿಸುತ್ತಿದ್ದರು, ಎರಡು ವರ್ಷದಲ್ಲಿ ಒಮ್ಮೆಯೂ ಮಾತನಾಡಿಸಲಿಲ್ಲ. ನನಗೆ ಬೇಕಾಗಿದ್ದದ್ದು ಅಷ್ಟೇ ಮರ್ಯಾದೆ.

ನೆಹರೂ ಬಂದಿದ್ದರು, ಎಲಿಜಬೆತ್ ರಾಣಿ ಬಂದಿದ್ದರು ಎಂದು ಆ ಹೋಟೆಲಿನ ಬಗ್ಗೆ ಹೇಳುವುದುಂಟು. ನನ್ನ ಮಟ್ಟಿಗೆ ಅದು ಮುಖ್ಯವಲ್ಲ. ಇಪ್ಪತ್ತಮೂರು ವರ್ಷದ, ಕೈಯಲ್ಲಿ ಒಂದು ಚಹಾದಷ್ಟೇ ದುಡ್ಡಿದ್ದ ಹುಡುಗಿಯನ್ನು ಎರಡು ಗಂಟೆ ಕಾಲ ಯಾರೂ ಏಳಿಸಲಿಲ್ಲ ಎಂಬುದೇ ಮುಖ್ಯ.

ಶನಿವಾರದ ಚೀಲ

ತ್ಯಾಗರಾಜನಗರದವರೆ, ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿತು: ಬಿಲ್ಲು ಕೇಳುವ ತನಕ ಬಿಲ್ಲು ಬರುವುದಿಲ್ಲ.

ಹಲಸೂರು ಕೆರೆ

ಹೌದು, ಮತ್ತು ಇದನ್ನು ಆ ಕಾಲದ ಕ್ಲಬ್ಬುಗಳ ಪಕ್ಕದಲ್ಲಿಟ್ಟು ನೋಡಬೇಕು. ರೆಸಿಡೆನ್ಸಿ ರಸ್ತೆಯ ಬೆಂಗಳೂರು ಕ್ಲಬ್ಬು 1868ರಷ್ಟು ಹಿಂದಿನದು. ಯುವ ಸೇನಾಧಿಕಾರಿಯಾಗಿದ್ದ ಚರ್ಚಿಲ್ 13 ರೂಪಾಯಿ ಬಾಕಿ ಉಳಿಸಿಹೋದದ್ದು ಅಲ್ಲಿನ ಲೆಕ್ಕದ ಪುಸ್ತಕದಲ್ಲಿದೆ. ಅಂಥ ಜಾಗಕ್ಕೆ ಸದಸ್ಯತ್ವ ಬೇಕು, ಸದಸ್ಯತ್ವಕ್ಕೆ ಶಿಫಾರಸು ಬೇಕು. ಕ್ಲಬ್ಬಿನ ಪುರುಸೊತ್ತನ್ನು ಸದಸ್ಯತ್ವವಿಲ್ಲದವರಿಗೂ ಒಂದು ಕಪ್ ಕಾಫಿಯ ಬೆಲೆಗೆ ಒದಗಿಸಿದ್ದು ಕೋಶೀಸ್ ಮತ್ತು ಇಂಡಿಯಾ ಕಾಫಿ ಹೌಸ್‌ನಂಥ ಜಾಗಗಳು.

ಗಾಂಧಿಬಜಾರ್ ಸಂಜೆ

ಇಲ್ಲಿ ನಾನು ಒಂದು ಮಾತನ್ನು ಒಪ್ಪಲೇಬೇಕು. ನಮ್ಮ ಕಡೆಯ ಹೋಟೆಲುಗಳಲ್ಲಿ ರುಚಿ ಇದೆ, ಇತಿಹಾಸ ಇದೆ, ಪುರುಸೊತ್ತು ಇಲ್ಲ. ದೋಸೆ ತಿನ್ನುತ್ತಿರುವಾಗಲೇ ಬೆನ್ನ ಹಿಂದೆ ಇನ್ನೊಬ್ಬರು ಕುರ್ಚಿಗೆ ಕಾಯುತ್ತ ನಿಂತಿರುತ್ತಾರೆ. 1983ರಲ್ಲಿ ಜಯನಗರದಲ್ಲಿ ಮೊದಲ ದರ್ಶಿನಿ ಬಂದ ಮೇಲೆ ಕೂರುವ ಕುರ್ಚಿಯೂ ಹೋಯಿತು. ದರ್ಶಿನಿಯಿಂದ ಲಕ್ಷಾಂತರ ಜನರಿಗೆ ಅಗ್ಗದ, ಚೊಕ್ಕಟವಾದ ತಿಂಡಿ ಸಿಕ್ಕಿತು. ಆ ಉಪಕಾರ ಸಣ್ಣದಲ್ಲ. ಆದರೂ ಬೈಟು ಕಾಫಿ ಹೇಳಿ ಗಂಟೆಗಟ್ಟಲೆ ವಾದ ಮಾಡುತ್ತಿದ್ದ ನಮ್ಮ ಗುಂಪಿಗೆ ಈಗ ಉಳಿದಿರುವುದು ಪಾರ್ಕಿನ ಕಲ್ಲುಬೆಂಚು ಮಾತ್ರ.

ಕರಿಬೇವು ಮತ್ತು ತೆಂಗು

ಅದನ್ನು ಓದಿ ಮನಸ್ಸಿಗೆ ಸಂತೋಷವೂ ಆಯಿತು, ದುಃಖವೂ ಆಯಿತು. ಕಾಫಿ ಹೌಸ್ ಮಾತು ಬಂದದ್ದರಿಂದ ಹೇಳುತ್ತೇನೆ. 1950ರ ದಶಕದಲ್ಲಿ ಕಾಫಿ ಮಂಡಳಿ ತನ್ನ ಕಾಫಿ ಹೌಸ್‌ಗಳನ್ನು ಮುಚ್ಚತೊಡಗಿದಾಗ, ಕೆಲಸ ಕಳೆದುಕೊಂಡವರು ಕಮ್ಯುನಿಸ್ಟ್ ನಾಯಕ ಎ. ಕೆ. ಗೋಪಾಲನ್ ಅವರ ಪ್ರೇರಣೆಯಿಂದ ಸಹಕಾರ ಸಂಘಗಳನ್ನು ಕಟ್ಟಿ ತಾವೇ ನಡೆಸಲು ಮುಂದಾದರು. ಅಂಥ ಮೊದಲ ಸಂಘ ಹುಟ್ಟಿದ್ದು 1957ರಲ್ಲಿ, ಇದೇ ಬೆಂಗಳೂರಿನಲ್ಲಿ. ಎಂ.ಜಿ. ರಸ್ತೆಯ ಅವರ ಹಳೆಯ ಜಾಗ 2009ರಲ್ಲಿ ಮುಚ್ಚಿತು. ಚರ್ಚ್ ಸ್ಟ್ರೀಟಿನಲ್ಲಿ ಮತ್ತೆ ತೆರೆದರು. ಪುಸ್ತಕಗಳ ರಾಶಿಯ ನಡುವೆ ಒಂದೇ ಒಂದು ಕಾಲುದಾರಿ ಉಳಿದಿದ್ದ ಪ್ರೀಮಿಯರ್ ಪುಸ್ತಕದಂಗಡಿ ಬಾಗಿಲು ಹಾಕಿದ್ದೂ ಅದೇ ವರ್ಷ. ಪ್ಲಾಜಾ ಚಿತ್ರಮಂದಿರ ಇದ್ದಲ್ಲಿ ಮೆಟ್ರೋ ನಿಲ್ದಾಣ ಬಂತು, 2011ರಲ್ಲಿ ರೈಲೂ ಓಡಿತು. ಪುಸ್ತಕ ಕೊಂಡು, ಸಿನಿಮಾ ನೋಡಿ, ಕಾಫಿಗೆ ಕೂರುವ ಒಂದು ಇಡೀ ಶನಿವಾರದ ದಾರಿಯಲ್ಲಿ ಇದ್ದ ಹಾಗೆಯೇ ಉಳಿದದ್ದು ಕೋಶೀಸ್ ಒಂದೇ.

ಅಬಕಾರಿ ನಿವೃತ್ತ

ಇದ್ದ ಹಾಗೆಯೇ ಎನ್ನಲಾಗದು. 2008ರ ಅಕ್ಟೋಬರ್ 2ರಂದು ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಷೇಧ ಜಾರಿಗೆ ಬರುವ ಮೊದಲು ಆ ಹಾಲಿನಲ್ಲಿ ಸಿಗರೇಟಿನ ಹೊಗೆ ಮಂಜಿನಂತೆ ನಿಂತಿರುತ್ತಿತ್ತು. ಹೊಗೆ ಬೇಡವೆಂದವರು ಪಕ್ಕದಲ್ಲಿದ್ದ ಅದೇ ಹೋಟೆಲಿನ ‘ಜ್ಯೂವೆಲ್ ಬಾಕ್ಸ್’ ಎಂಬ ಹವಾನಿಯಂತ್ರಿತ ಭಾಗಕ್ಕೆ ಹೋಗುತ್ತಿದ್ದರು. ಹಳೆಯದನ್ನು ಹೊಗಳುವ ಭರದಲ್ಲಿ ಆ ಕೆಮ್ಮನ್ನು ಮರೆಯಬಾರದು.

ನಕ್ಷೆ ನೋಡುವವಳು

ಒಪ್ಪಿದೆ. ನನ್ನ ಸೀರೆಗೆ ಅಂಟಿದ ಆ ವಾಸನೆಗಾಗಿ ಮನೆಯಲ್ಲಿ ಕೇಳಿಸಿಕೊಂಡ ಬೈಗುಳ ಇನ್ನೂ ನೆನಪಿದೆ.

ತ್ಯಾಗರಾಜನಗರದವ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಈ ಚರ್ಚೆಯನ್ನು ನಿನ್ನೆ ರಾತ್ರಿ ನಮ್ಮ ತಾಯಿಯವರಿಗೆ ಓದಿ ಹೇಳಿದೆ. ಅವರಿಗೆ ಈಗ ಎಪ್ಪತ್ತೊಂಬತ್ತು. ಕೈತೊಳೆಯುವ ತೊಟ್ಟಿಯ ಪಕ್ಕದ ಮೇಜಿನ ಮಾತು ಬಂದಾಗ ಓದುವುದನ್ನು ನಿಲ್ಲಿಸಿ ಎಂದು ಕೈಸನ್ನೆ ಮಾಡಿ, ತಾವು ಟೆಲಿಫೋನ್ ಇಲಾಖೆಯಲ್ಲಿದ್ದ ಮೂವತ್ತು ವರ್ಷ ಕಾಲ ಹೊರಗೆ ಒಬ್ಬರೇ ಕೂತು ಕಾಫಿ ಕುಡಿದದ್ದೇ ಇಲ್ಲವೆಂದು ಹೇಳಿದರು. ನನಗೆ ಅದು ಇದುವರೆಗೆ ಗೊತ್ತಿರಲಿಲ್ಲ. ಆಮೇಲೆ ಅಪ್ಪಂ ವಿಷಯವನ್ನು ಎರಡು ಸಲ ಓದಿಸಿದರು. ಬರುವ ಭಾನುವಾರ ಕರೆದುಕೊಂಡು ಹೋಗಬೇಕೆಂದಿದ್ದೇನೆ. ನಾವು ಸಸ್ಯಾಹಾರಿಗಳು, ತರಕಾರಿಯ ಸ್ಟ್ಯೂ ಸಿಗುತ್ತದೆಯೇ? ಎಷ್ಟು ಹೊತ್ತಿಗೆ ಹೋದರೆ ಕಿಟಕಿಯ ಪಕ್ಕ ಜಾಗ ಸಿಗುತ್ತದೆ?

ಕರಿಬೇವು ಮತ್ತು ತೆಂಗು

ತರಕಾರಿಯದೂ ಸಿಗುತ್ತದೆ ಸರ್. ಚರ್ಚಿನ ಪ್ರಾರ್ಥನೆ ಮುಗಿಸಿ ಜನ ಬರುವ ಮೊದಲೇ ಹೋಗಿ.

ಗಾಂಧಿಬಜಾರ್ ಸಂಜೆ

ತ್ಯಾಗರಾಜನಗರದವರೆ, ನಿಮ್ಮ ಅಭ್ಯಂತರವಿಲ್ಲದಿದ್ದರೆ ನಾನೂ ಬರುತ್ತೇನೆ. ಗಾಂಧಿಬಜಾರಿನಿಂದ ಆಟೋ ನಾನೇ ತರುತ್ತೇನೆ, ಅಮ್ಮನವರು ಬಾಗಿಲಲ್ಲೇ ಹತ್ತಲಿ.